ಎದುರಿನವರಿಗೆ ಗೊತ್ತಿರದ ತೀರ್ಪು

ಕದ್ದು ಕೇಳುವುದು ನನ್ನ ಹಳೆಯ ಚಟ. ಮೈಸೂರಿನ ಕಾನ್ವೆಂಟಿನ ಸಿಸ್ಟರುಗಳು ನನಗೆ ಟೇಬಲ್ ಮ್ಯಾನರ್ಸ್ ಕಲಿಸಿದರು, ಕರ್ಸಿವ್ ಬರವಣಿಗೆ ಕಲಿಸಿದರು. ಇದೊಂದನ್ನು ಬಿಡಿಸಲು ಮಾತ್ರ ಅವರಿಂದಾಗಲಿಲ್ಲ. ವಾಷಿಂಗ್ಟನ್ ಬಳಿಯ ಆಶ್‌ಬರ್ನಿನ ನನ್ನ ಟೌನ್‌ಹೌಸ್ ಕಟ್ಟಿದವನೂ ಈ ಚಟಕ್ಕೆ ಒತ್ತಾಸೆಯಾಗಿಯೇ ನಿಂತಿದ್ದಾನೆ. ಬೇಸ್‌ಮೆಂಟಿನಲ್ಲಿ ಆಡಿದ ಮಾತು ಹೀಟಿಂಗ್ ಕೊಳವೆಯಲ್ಲಿ ಮೇಲೇರಿ, ಅಡುಗೆಮನೆಯ ಜಾಲರಿಯಿಂದ ನನ್ನ ಒಗ್ಗರಣೆ ಸೌಟಿನ ಪಕ್ಕಕ್ಕೇ ಬಂದು ಬೀಳುತ್ತದೆ.

೨೦೨೧ರಲ್ಲಿ ಆ ಬೇಸ್‌ಮೆಂಟಿನಲ್ಲಿದ್ದವಳು ನನ್ನ ತಂಗಿಯ ಮಗಳು ಮಾಲಿನಿ. ಲಂಡನ್ನಿನಲ್ಲಿ ಓದಿ ಬ್ಯಾರಿಸ್ಟರ್ ಆದವಳು. ಕೆಲಸಕ್ಕೆಂದು ವಾಷಿಂಗ್ಟನ್ನಿಗೆ ಬಂದಳು, ಕೋವಿಡ್ ಆಫೀಸು ಮುಚ್ಚಿಸಿತು, ನನ್ನಲ್ಲಿ ಉಳಿದಳು. ದೇಶದೇಶಗಳ ನಡುವಿನ ಕಾನೂನು, ಅದರಲ್ಲೂ ಯುದ್ಧದ ನಡುವೆಯೂ ಮನುಷ್ಯರು ಮೀರಬಾರದ ಕಾನೂನು, ಅವಳ ವಿಷಯ. ಇಲ್ಲಿಯ ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಒಬ್ಬಾಕೆ, "ನಿಮ್ಮ ನೀಸ್ ಲಾಯರ್ ಅಂತೆ ಆಂಟಿ, ನಮ್ಮ ಗ್ರೀನ್ ಕಾರ್ಡ್ ವಿಷಯ ಸ್ವಲ್ಪ ಕೇಳ್ತೀರಾ?" ಎಂದಳು. ಇವಳದು ಯುದ್ಧದ ಕಾನೂನಮ್ಮಾ ಎಂದೆ. "ಅಯ್ಯೋ, ಅದಕ್ಕೂ ಲಾಯರ್ ಇರ್ತಾರಾ," ಎಂದು ಮಾಸ್ಕಿನೊಳಗೇ ನಿಟ್ಟುಸಿರಿಟ್ಟಳು.

ಗುಟ್ಟಿನ ಮಾತುಗಳನ್ನು ಮಾಲಿನಿ ಕಾರಿನಲ್ಲಿ ಕೂತು ಆಡುತ್ತಿದ್ದಳು. ನನ್ನ ಪಾಲಿಗೆ ಬರುತ್ತಿದ್ದುದು ವಾದದ ರಿಹರ್ಸಲ್ ಮಾತ್ರ. ಅದರಿಂದ ತಿಳಿದದ್ದಿಷ್ಟು: ಒಬ್ಬ ತಾಯಿ. ಅವಳ ಮಗ ಆಂಬ್ಯುಲೆನ್ಸ್ ಡ್ರೈವರ್. ಯುದ್ಧದಲ್ಲಿ ಗಡಿಯಾಚೆಯವರ ಕೈಗೆ ಸಿಕ್ಕಿ ಸತ್ತ. ಸತ್ತನೆಂದು ಅವರು ಒಪ್ಪಿದರು. ಎಲ್ಲಿ ಹೂಳಿದೆವೆಂದು ಹೇಳಲಿಲ್ಲ. ತಾಯಿಗೆ ಬೇಕಾದದ್ದು ಅದೊಂದೇ. ಯಾವ ದೇಶವೆಂದು ನಾನು ಬರೆಯುವುದಿಲ್ಲ. ಬರೆದರೆ ಮಾಲಿನಿ ಬೈಯುತ್ತಾಳೆ.

ಸತ್ತವನ ಜಾಗ ತಿಳಿಯಬೇಕೆಂಬುದು ಯುದ್ಧದ ಕಾನೂನು ಬರೆದವರು ಜಿನೀವಾದಲ್ಲಿ ಕೂತು ಕಂಡುಹಿಡಿದ ಸಂಗತಿಯೇನಲ್ಲ. ನಮ್ಮ ಕಡೆ ಊರೂರಿನಲ್ಲೂ ವೀರಗಲ್ಲುಗಳಿಲ್ಲವೇ? ದನ ಕಾಯಲು ಹೋಗಿ ಹೊಡೆದಾಡಿ ಸತ್ತವನಿಗೂ ಒಂದು ಕಲ್ಲು, ಅದರ ಮೇಲೆ ಅವನ ಕತ್ತಿ, ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು. ನಾವು ಚಿಕ್ಕವರಿದ್ದಾಗ ಆ ಕಲ್ಲುಗಳ ಮೇಲೆ ಒದ್ದೆ ಲಂಗ ಒಣಹಾಕುತ್ತಿದ್ದೆವು. ಬುದ್ಧಿ ಎಷ್ಟಿತ್ತೆಂದು ನೀವೇ ಲೆಕ್ಕ ಹಾಕಿ.

ವಿಚಾರಣೆಯ ಹಿಂದಿನ ದಿನ ರಿಹರ್ಸಲ್ ಅರ್ಧಕ್ಕೇ ನಿಂತಿತು. ಮಾಲಿನಿಯೇ ಮೇಲೆ ಬಂದಳು.

"ದೊಡ್ಡಮ್ಮ, ಒಂದು ಹಳೇ ತೀರ್ಪು ಸಿಕ್ತು. ಪೂರ್ತಿ ನಮಗೆ ಉಲ್ಟಾ ಇದೆ."

"ಆ ಕಡೆಯವರಿಗೆ ಗೊತ್ತಾ?"

"ಇಲ್ಲ. ಅವರ ಪೇಪರ್ಸ್‌ನಲ್ಲಿ ಎಲ್ಲೂ ಇಲ್ಲ."

"ದೇವರು ದೊಡ್ಡೋನು. ನೀನೂ ಬಾಯಿ ಮುಚ್ಕೊಂಡಿರು."

"ಹಾಗೆ ಮಾಡೋ ಹಾಗಿಲ್ಲ. ನಾಳೆ ನಾನೇ ಹೇಳ್ಬೇಕು."

"ನೀನು ಯಾರ ಕಡೆ ಲಾಯರ್ರೇ? ಆ ತಾಯಿ ಗತಿ?"

"ಅವರಿಗೆ ಫೋನ್ ಮಾಡಿ ಹೇಳಿಯೇ ಬಂದೆ," ಎಂದಳು. ಒಂದು ಲೋಟ ಮಜ್ಜಿಗೆ ಕುಡಿದು ಇಳಿದುಹೋದಳು.

ಅವಳ ವೃತ್ತಿಯ ನಿಯಮವೇ ಹಾಗಂತೆ. ಕಕ್ಷಿಯ ಗುಟ್ಟನ್ನು ಕಾಪಾಡಬೇಕು; ಆದರೆ ತನ್ನ ವಾದಕ್ಕೆ ಅಡ್ಡ ಬರುವ ಕಾನೂನನ್ನು ಮಾತ್ರ, ಎದುರಾಳಿ ಮರೆತಿದ್ದರೂ, ನ್ಯಾಯಾಧೀಶರ ಮುಂದೆ ತಾನೇ ಇಡಬೇಕು. ನನಗೆ ಸಿಟ್ಟು ಬಂತು. ಸಾರು ಸೀದುಹೋಯಿತು. ಒಂದು ಕಾಲಕ್ಕೆ ನನಗೂ ಲಾ ಓದುವ ಆಸೆಯಿತ್ತು. ಅದಕ್ಕಿಂತ ಮೊದಲು ಮದುವೆ ಬಂತು. ಕಾನ್ವೆಂಟಿನ ಡಿಬೇಟುಗಳಲ್ಲಿ ನಾನು ಗೆದ್ದ ಕಪ್ಪುಗಳೆಲ್ಲ, ಈಗ ಯೋಚಿಸಿದರೆ, ಎದುರಿನ ಹುಡುಗಿಯರ ಅಜ್ಞಾನದ ಕೃಪೆ. ಮಾಲಿನಿಯ ಜಾಗದಲ್ಲಿ ನಾನಿದ್ದಿದ್ದರೆ ಆ ತೀರ್ಪು ಅಕ್ಕಿಡಬ್ಬದ ತಳ ಸೇರಿರುತ್ತಿತ್ತು. ಲೋಕಕ್ಕೆ ಒಬ್ಬ ಕೆಟ್ಟ ವಕೀಲೆ ಕಡಿಮೆಯಾದದ್ದು ಒಳ್ಳೆಯದೇ ಆಯಿತು.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಕಂಪ್ಯೂಟರಿನ ಮೇಲೇ ವಿಚಾರಣೆ. ಯುರೋಪಿನಲ್ಲಿ ಕೂತ ಮೂವರು ನ್ಯಾಯಾಧೀಶರು, ಕೆಳಗೆ ಕಪ್ಪು ಕೋಟಿನ ಮಾಲಿನಿ, ಮೇಲೆ ಕುಕ್ಕರ್ ಇಡದೆ ನಿಂತ ನಾನು. ಹತ್ತೇ ನಿಮಿಷದಲ್ಲಿ ಅವಳು ಹೇಳಿಬಿಟ್ಟಳು: ನಮಗೆ ಪ್ರತಿಕೂಲವಾದ ತೀರ್ಪೊಂದಿದೆ, ನನ್ನ ವಿದ್ವಾಂಸ ಮಿತ್ರರು (ಎದುರು ಪಕ್ಷದ ವಕೀಲರನ್ನು ಕೋರ್ಟಿನಲ್ಲಿ ಹಾಗೆನ್ನಬೇಕಂತೆ) ಅದನ್ನು ಉಲ್ಲೇಖಿಸಿಲ್ಲ. ಒಂದು ಸಾಲನ್ನೂ ನುಂಗದೆ ಓದಿದಳು. ಆಮೇಲೆ, ಅದೇ ತಣ್ಣನೆಯ ದನಿಯಲ್ಲಿ, ಆ ಪ್ರಕರಣದಲ್ಲಿ ಸರ್ಕಾರದ ಬಳಿ ಯಾರನ್ನು ಎಲ್ಲಿ ಹೂಳಿದೆವೆಂಬ ಪಟ್ಟಿಯೇ ಇರಲಿಲ್ಲ, ಅದಕ್ಕೇ ಕೇಳಿದವರಿಗೆ ಸೋಲಾಯಿತು ಎಂದಳು. ಒಬ್ಬ ನ್ಯಾಯಾಧೀಶೆ ಎದುರು ಪಕ್ಷದವರನ್ನು ನೇರವಾಗಿ ಕೇಳಿದರು: "ನಿಮ್ಮ ಬಳಿ ಪಟ್ಟಿ ಇದೆಯೇ?"

ಆ ಕಡೆಯ ಬ್ಯಾರಿಸ್ಟರ್, ಅವರೂ ಅದೇ ನಿಯಮದವರು, ನ್ಯಾಯಾಧೀಶರು ಕೇಳಿದರೆ ಸುಳ್ಳು ಹೇಳುವಂತಿಲ್ಲ, ಹೇಳಿದರು: ಇದೆ.

ಜಾಗ ತಿಳಿಸಿ ಎಂಬ ಆದೇಶ ಬರಲು ತಿಂಗಳುಗಳೇ ಹಿಡಿದವು. ಅದರ ಹಿಂದೆಯೇ ಒಂದು ಹಾಳೆ ಬಂತು: ಸ್ಮಶಾನದ ಹೆಸರು, ಸಾಲು, ಸಂಖ್ಯೆ. ದುಭಾಷಿಯನ್ನು ಜೊತೆಗಿಟ್ಟುಕೊಂಡು ಮಾಲಿನಿ ಆ ತಾಯಿಗೆ ಫೋನ್ ಮಾಡಿದಳು. ಆಕೆ ಅಳಲಿಲ್ಲವಂತೆ. ಒಂದೇ ಪ್ರಶ್ನೆ ಕೇಳಿದಳಂತೆ: ಅಲ್ಲಿಗೆ ಬಸ್ಸು ಹೋಗುತ್ತದೆಯೇ?

ಮೂವರು ನ್ಯಾಯಾಧೀಶರಿಗೆ ಎರಡು ಗಂಟೆ ಉತ್ತರ ಕೊಟ್ಟವಳು ಆ ಮಧ್ಯಾಹ್ನವೆಲ್ಲ ನನ್ನ ಊಟದ ಮೇಜಿನ ಮೇಲೆ, ತನಗೆ ಓದಲು ಬಾರದ ಲಿಪಿಯ ಬಸ್ ವೇಳಾಪಟ್ಟಿಯನ್ನು ಹರಡಿಕೊಂಡು, ದುಭಾಷಿಯನ್ನು ಕೇಳಿ ಕೇಳಿ ಆ ತಾಯಿಗೆ ಕಾಗದ ಬರೆದಳು. ಬೆಳಿಗ್ಗೆ ಒಂದು ಬಸ್ಸು, ಮಧ್ಯಾಹ್ನ ಒಂದು; ಗಡಿ ದಾಟಿದ ಮೇಲೆ ಒಂದು ಕಡೆ ಇಳಿದು ಹತ್ತಬೇಕು; ನಿಲ್ದಾಣದಿಂದ ಸ್ವಲ್ಪ ಏರುದಾರಿ.

ಕೊನೆಯಲ್ಲಿ, ಪೆನ್ನು ಕೆಳಗಿಡುವ ಮುನ್ನ, ಭಾನುವಾರ ಬಸ್ಸಿಲ್ಲ ಎಂಬುದನ್ನೂ ಬರೆದಳು.