ಗಡ್ಡೆ ಇಲ್ಲವೆಂದು ಮಾಡಿದ ಹೋಳಿಗೆ

ಎಂಬತ್ತರ ದಶಕದ ಕೊನೆಯಲ್ಲಿ ಅವ್ವನಿಗೆ ಎಡಗಡೆ ಎದೆನೋವು ಶುರುವಾಯಿತು. ಹೆಂಗಸಿಗೆ ಅಲ್ಲಿ ನೋವೆಂದರೆ ಗಡ್ಡೆಯೇ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಗಡ್ಡೆ ಇಲ್ಲದಿದ್ದರೆ ಐದು ಮಂದಿ ಮುತ್ತೈದೆಯರಿಗೆ ಹೋಳಿಗೆ ಊಟ ಹಾಕುವುದಾಗಿ ಅಜ್ಜಿ ಹರಕೆ ಹೊತ್ತಳು.

ಸಿರುಗುಪ್ಪದಿಂದ ಬಸ್ಸಿನಲ್ಲಿ ಬಳ್ಳಾರಿಗೆ ಹೋದೆವು. ಡಾಕ್ಟರು ಮೊಲೆಯ ಎಕ್ಸ್‌ರೇ ತೆಗೆಸಿ ಫಿಲ್ಮನ್ನು ಬೆಳಕಿಗೆ ಹಿಡಿದರು.

"ಗಡ್ಡಿ ಇಲ್ಲ. ರಕ್ತನಾಳದಾಗ ಒಂಚೂರು ಸುಣ್ಣ ಕೂತೈತಿ. ವಯಸ್ಸಾದಂಗ ಆಗತೈತಿ, ಹೋಗ್ರಿ."

"ಮೆಟ್ಲ ಹತ್ತಿದ್ರ ಉಸಿರು ಕಟ್ಟತೈತ್ರಿ," ಎಂದಳು ಅವ್ವ.

"ಗ್ಯಾಸ್ ಅದು," ಎಂದರು. ನಾಡಿಯನ್ನೂ ಹಿಡಿಯಲಿಲ್ಲ. ಹಿಂದಿನ ವರ್ಷ ಅಪ್ಪ ಎದೆ ಹಿಡಿದುಕೊಂಡು ಬಂದಾಗ ಇದೇ ಡಾಕ್ಟರು ಕುರ್ಚಿಯಿಂದ ಎದ್ದೋಡಿ ಬಂದು ಇಸಿಜಿ ತೆಗೆಸಿದ್ದರು. ಅಂದು ಗ್ಯಾಸ್ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಹರಕೆ ತೀರಿಸಬೇಕಲ್ಲ! ಐದು ಮಂದಿಯ ಊಟ ಇಡೀ ಓಣಿಯ ಊಟವಾಯಿತು. ಹೂರಣ ರುಬ್ಬಲು ಒರಳಿನ ಮುಂದೆ ಕೂತವಳು ಯಾರು? ಅವ್ವನೇ. ಗಡ್ಡೆ ಇಲ್ಲವಲ್ಲ, ಇನ್ನೇನು ಧಾಡಿ! ರುಬ್ಬುತ್ತಿದ್ದವಳು ಒರಳಿನ ಮೇಲೆಯೇ ಕುಸಿದಳು. ಮತ್ತೆ ಏಳಲಿಲ್ಲ.

ಫಿಲ್ಮಿನಲ್ಲಿ ಕಂಡ ಆ ಸುಣ್ಣದ, ಅಂದರೆ ಕ್ಯಾಲ್ಸಿಯಂನ, ಗೆರೆಗಳು ಹೃದಯರೋಗದ ಸುಳಿವೂ ಆಗಿರಬಹುದೆಂದು ಈಗ ಓದುತ್ತೇನೆ, ಮೈ ಉರಿಯುತ್ತದೆ. ಸುಳಿವಾದರೂ ಯಾಕೆ ಬೇಕಿತ್ತು? ಅವಳೇ ಬಾಯಿಬಿಟ್ಟು ಹೇಳಿದ್ದಳು.

ಊಟಕ್ಕೆ ಬಂದ ಮುತ್ತೈದೆಯರೇ ಹೆಣದ ಸುತ್ತ ಕೂತರು. "ಮುತ್ತೈದಿಯಾಗಿ ಹೋದ್ಲು, ಪುಣ್ಯವಂತಿ," ಎಂದರು.

ಹೌದು, ಗಂಡ ಬದುಕಿದ್ದ. ಅವನ ಎದೆಯನ್ನು ಡಾಕ್ಟರು ನೋಡಿದ್ದರು.