ಅವ್ವನಿಗೆ ಕಣ್ಣು ಬರೆದವರು

ಶ್ರಾವಣದ ಗುರುವಾರ, ಬೆಳಿಗ್ಗೆ ಒಂಬತ್ತೂ ಕಾಲು. ರಾಯಚೂರಿನ ಆ ಸಣ್ಣ ಸ್ಟುಡಿಯೋದಲ್ಲಿ ಇದ್ದವರು ಮೂರೇ ಜನ: ಫೋಟೋ ಕಾಕಾ, ಮಾನ್ವಿಯಿಂದ ಮೊದಲ ಬಸ್ಸಿಗೆ ಬಂದಿದ್ದ ನನ್ನ ಅಕ್ಕ, ಮತ್ತು ನಾನು. ಕಾಕಾ ಅವರ ಬಲಗೈ ಕಂಪ್ಯೂಟರಿನ ಮೌಸ್ ಮೇಲಿತ್ತು. ಮೂರು ಬೆರಳುಗಳ ಉಗುರು ಹಳೆಯ ಚಹಾದ ಬಟ್ಟಲಿನ ತಳದಂತೆ ಕಂದು. ಮೂವತ್ತು ವರ್ಷ ಫಿಲ್ಮ್ ತೊಳೆಯುವ ದ್ರಾವಣದಲ್ಲಿ ಅದ್ದಿದ ಬೆರಳುಗಳವು. ಡಿಜಿಟಲ್ ಕ್ಯಾಮೆರಾ ಕೊಂಡ ಮೇಲೂ ಹಳೆಯ ಗಿರಾಕಿಗಳ ರೋಲುಗಳನ್ನು ಅವರೇ ತೊಳೆಯುತ್ತಿದ್ದರಿಂದ ಆ ಬಣ್ಣ ಇನ್ನೂ ಹೋಗಿರಲಿಲ್ಲ. ಅಂದು ಆ ಬೆರಳುಗಳು ನಮ್ಮ ಅವ್ವನ ಮುಚ್ಚಿದ ಕಣ್ಣು ತೆರೆಯಬೇಕಿತ್ತು.

ನಾನು ನರ್ಸಿಂಗ್ ತರಬೇತಿಗೆಂದು ರಾಯಚೂರಿಗೆ ಬಂದ ವರ್ಷದಿಂದ ಅವರ ಪರಿಚಯ. ಪ್ರತಿ ವರ್ಷ ನಮ್ಮ ಗುಂಪಿನ ಫೋಟೋ ತೆಗೆಯಲು ಅವರೇ ಬರುತ್ತಿದ್ದರು. ಹತ್ತಕ್ಕೆ ಎಂದರೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಸ್ಟ್ಯಾಂಡು ನಿಲ್ಲಿಸಿರುತ್ತಿದ್ದರು. ಅದಕ್ಕೇ ನನಗೆ ಅವರ ಮೇಲೆ ಮೊದಲ ಗೌರವ ಹುಟ್ಟಿದ್ದು. ನಗದೆ ನಿಂತ ನನ್ನನ್ನು ನೋಡಿ, "ಸಿಸ್ಟರಮ್ಮ, ಸೂಜಿ ಚುಚ್ಚೂದು ನಾನಲ್ಲ, ನೀವು. ನೀವ್ಯಾಕ ಹೆದರ್ತೀರಿ?" ಎಂದು ಎಲ್ಲರ ಎದುರು ಕೆಣಕಿದ್ದರು. ಬೇಸಿಗೆಯಲ್ಲಿ ರಾಯಚೂರಿನ ನಲ್ಲಿ ನೀರು ಕೈ ಸುಡುತ್ತದೆ. ಫಿಲ್ಮಿಗೆ ತಂಪು ಬೇಕು. ಆದ್ದರಿಂದ ಒದ್ದೆ ಗೋಣಿ ಸುತ್ತಿದ ಮಣ್ಣಿನ ಹರವಿಯ ನೀರು ಫಿಲ್ಮಿಗೆ, ನಲ್ಲಿಯ ಬಿಸಿ ನೀರು ಅವರ ಕುಡಿಯುವ ಚೊಂಬಿಗೆ. ನಾನು ಬೈದರೆ, "ನನಗ ಕೆಟ್ಟರ ನೀವಿದ್ದೀರಿ. ಫಿಲಂ ಕೆಟ್ಟರ ಯಾವ ಡಾಕ್ಟರ್ ನೋಡ್ತಾನ?" ಎನ್ನುತ್ತಿದ್ದರು.

ನಮ್ಮ ಅವ್ವ ಅರಕೇರಾದವಳು. ಜೀವನದಲ್ಲಿ ಒಂದೂ ಫೋಟೋ ತೆಗೆಸಿಕೊಂಡವಳಲ್ಲ. ಯಾರು ಕರೆದರೂ, "ನನ್ನದೇನು ತಗೀತೀರಿ, ಹುಡುಗರದು ತಗೀರಿ" ಎಂದು ಅಡಿಗೆ ಮನೆ ಸೇರುತ್ತಿದ್ದಳು. ಹಿಂದಿನ ಕಾರ್ತಿಕದಲ್ಲಿ ಅವಳು ತೀರಿಕೊಂಡಾಗ ನಾನು ವಾರ್ಡಿನಲ್ಲಿದ್ದೆ. ಬದಲಿ ಸಿಸ್ಟರ್ ಬರುವ ತನಕ ಬಿಟ್ಟು ಹೊರಡುವಂತಿರಲಿಲ್ಲ. ದೇವದುರ್ಗ ದಾಟಿ ಊರು ಮುಟ್ಟುವಷ್ಟರಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂಡ್ರಿಸಿ, ವಿಭೂತಿ ಹಚ್ಚಿ, ಭಜನೆ ಶುರು ಮಾಡಿದ್ದರು. ಕಣ್ಣು ಮುಚ್ಚಿತ್ತು. ಕೆಲಸದಲ್ಲಿ ನಾನು ಎಷ್ಟೋ ಜನರ ಕಣ್ಣು ಮುಚ್ಚಿದ್ದೇನೆ. ಅವ್ವನದನ್ನು ಮಾತ್ರ ಬೇರೆ ಯಾರೋ ಮುಚ್ಚಿದ್ದರು.

ನಾನು ಫೋನ್ ಮಾಡಿದ್ದಕ್ಕೆ ಕಾಕಾ ಬಸ್ಸು ಹಿಡಿದು ಊರಿಗೆ ಬಂದರು. ಕೊರಳಲ್ಲಿ ವಾರದ ಹಿಂದಷ್ಟೇ ಕೊಂಡ ಡಿಜಿಟಲ್ ಕ್ಯಾಮೆರಾ. ಒಂದೇ ಸಲ ಒತ್ತಿದರು. ಒತ್ತಿದ ಕೂಡಲೇ ಅವರ ಹೆಬ್ಬೆರಳು ರೋಲು ಮುಂದಕ್ಕೆ ಎಳೆಯುವ ಹಿಡಿಕೆಯನ್ನು ಹುಡುಕಿತು. ಹೊಸ ಕ್ಯಾಮೆರಾದಲ್ಲಿ ಆ ಹಿಡಿಕೆ ಇರಲಿಲ್ಲ.

ತೀರಿಕೊಂಡ ಮೇಲೆ ತೆಗೆದ ಫೋಟೋದಲ್ಲಿ ಕಣ್ಣು ಬರೆದು ಕೊಡುವುದು ನಮ್ಮ ಕಡೆ ಹಳೆಯ ಪದ್ಧತಿ. ಅದರಲ್ಲಿ ಕಾಕಾ ಅವರದು ಎತ್ತಿದ ಕೈ. ಕುಂಚ ಹಿಡಿಯುವ ಮೊದಲು ಮನೆಯವರಿಗೆ ಮೂರು ಪ್ರಶ್ನೆ ಕೇಳುತ್ತಿದ್ದರು: ಕೂತು ಮಾಡುತ್ತಿದ್ದ ಕೆಲಸ ಯಾವುದು, ಕರೆದರೆ ಹೇಗೆ ನೋಡುತ್ತಿದ್ದರು, ಯಾವ ಕಣ್ಣು ಸಣ್ಣದು. ಉತ್ತರ ಸಿಗದಿದ್ದರೆ ಫೋಟೋ ವಾಪಸ್ ಕೊಡುತ್ತಿದ್ದರು.

ಹದಿನೈದು ದಿನದ ಮೇಲೆ ಅವರು ನಮ್ಮ ವಾರ್ಡಿನ ಬಾಗಿಲಿಗೆ ಬಂದು, ನನ್ನ ರೌಂಡ್ಸ್ ಮುಗಿಯುವ ತನಕ ನಿಂತೇ ಇದ್ದರು.

"ಸಿಸ್ಟರಮ್ಮ, ನಿಮ್ಮವ್ವನ ಮಾರಿ ಕೆಡಿಸೀನಿ."

ನಡೆದದ್ದು ಇಷ್ಟು. ಹೊಸ ಯಂತ್ರದಲ್ಲಿ ಫೋಟೋ ಮುದ್ರಿಸಿ, ಹಳೆಯ ರೂಢಿಯಂತೆ ನೀರಲ್ಲಿ ಅದ್ದಿದ ಕುಂಚವನ್ನು ರೆಪ್ಪೆಯ ಮೇಲೆ ಇಟ್ಟಿದ್ದಾರೆ. ಹಳೆಯ ಕಾಗದವಾದರೆ ನೀರು ತಡೆಯುತ್ತಿತ್ತು. ಇದು ಶಾಯಿಯ ಚಿತ್ರ. ಅವ್ವನ ಹಣೆಯ ವಿಭೂತಿ ಗಲ್ಲದ ತನಕ ಹರಿದುಹೋಗಿದೆ. ಆ ಹಾಳೆಯನ್ನು ಅವರು ಬಿಸಾಡದೆ ಮಡಚಿ ತಂದಿದ್ದರು. ನನಗೆ ತೋರಿಸಿದರು, ನಾನು ನೋಡಿದೆ.

"ಕ್ಯಾಮೆರಾದ ಕಾರ್ಡಿನಾಗ ಫೋಟೋ ಇನ್ನೂ ಅದ. ಎದುರಿನ ಅಂಗಡಿಯವ ಅರ್ಧ ತಾಸಿನಾಗ ಯಾರದೋ ಕಣ್ಣು ಹಚ್ಚಿ ಕೊಡ್ತಾನ್ರಿ. ಬೇಕಂದ್ರ ಅಲ್ಲೇ ಕೊಡ್ರಿ, ನನಗೇನು ಸಿಟ್ಟಿಲ್ಲ. ನಾನs ಮಾಡಬೇಕಂದ್ರ ವರ್ಷದ ತಿಥಿ ತನಕ ಟೈಮ್ ಕೊಡ್ರಿ. ಕಲೀಬೇಕು."

"ಈ ವಯಸ್ಸಿನಾಗ?"

"ಮತ್ತ ಇನ್ಯಾವ ವಯಸ್ಸು ಉಳದದ್ರಿ ನನಗ?"

ಅರವತ್ತೊಂದರಲ್ಲಿ ಅವರು ಕಂಪ್ಯೂಟರ್ ಕ್ಲಾಸಿಗೆ ಸೇರಿದರು. ಪಿಯುಸಿ ಹುಡುಗಿಯರ ನಡುವೆ ಒಂದು ಕುರ್ಚಿ. "ಬಲಗಡಿ ಒತ್ತು ಅಂದ್ರ ಎಡಗಡಿ ಒತ್ತತೀನಿ. ಹುಡುಗ್ಯಾರು ಬಾಯಿಗೆ ಓಢಣಿ ಹಿಡಕೊಂಡು ನಗ್ತಾವ" ಎಂದು ತಾವೇ ನಗುತ್ತ ಹೇಳುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ನನಗೆ ಗೊತ್ತು, ಹಾಜರಿ ಕೇಳುತ್ತಿದ್ದವಳು ನಾನೇ.

ಆ ಗುರುವಾರ ಮತ್ತೆ ಅವೇ ಮೂರು ಪ್ರಶ್ನೆ. ಅಕ್ಕ ಹೇಳಿದಳು: "ಜ್ವಾಳ ಹಸನ ಮಾಡ್ತಿದ್ಲು. ಕರದ್ರ ತಲಿ ಎತ್ತತಿದ್ದಿಲ್ಲ, ಬರೇ ಕಣ್ಣ ಎತ್ತತಿದ್ಲು. ಎಡಗಣ್ಣು ಸಣ್ಣದು."

"ನಿಮ್ಮಿಬ್ಬರೊಳಗ ಯಾರದು ಹಂಗದ?"

"ಇಕಿದು. ಗಡಿಯಾರ ನೋಡಾಕತ್ತಾಗ ಕರದು ನೋಡ್ರಿ. ಅವ್ವನಂಗs ಸಿಟ್ಟಿಲೆ ನೋಡ್ತಾಳ."

"ಹಂಗಾರ ನೋಡ್ರಿ ಸಿಸ್ಟರಮ್ಮ, ಗಡಿಯಾರ."

ನಾಡಿ ಎಣಿಸುವಾಗ ನೋಡುವಂತೆ ಸೆಕೆಂಡಿನ ಮುಳ್ಳು ನೋಡುತ್ತ ಕೂತೆ. "ಏ ಸಣ್ಣಾಕಿ" ಎಂದು ಅಕ್ಕ ಕರೆದಳು. ಮನೆಯಲ್ಲಿ ಅವ್ವ ಕರೆಯುತ್ತಿದ್ದ ಹೆಸರು ಅದು. ನಾನು ಕಣ್ಣೆತ್ತಿದೆ. ಕಾಕಾ ಒಮ್ಮೆ ಒತ್ತಿದರು. ಇನ್ನೊಂದು ತೆಗೆಯಿರಿ ಎಂದರೆ, "ಸಾಕ್ರಿ, ಬಂದದ" ಎಂದರು.

ನನ್ನ ಕಣ್ಣುಗಳನ್ನು ಅವ್ವನ ಮುಖದಲ್ಲಿ ಕೂಡಿಸಿದರು. ಅಕ್ಕ ತಲೆ ಅಲ್ಲಾಡಿಸಿ, "ಇದು ಇಕಿನs. ಅವ್ವ ಅಲ್ಲ" ಎಂದಳು. ಎಡಗಣ್ಣು ಸಣ್ಣ ಮಾಡಿದರು. ಆಗಲಿಲ್ಲ. ರೆಪ್ಪೆಯ ಸುಕ್ಕುಗಳನ್ನು ಅವ್ವನವೇ ಉಳಿಸಿ, ಒಂದೊಂದಾಗಿ ಮೇಲೆ ಸರಿಸಿದರು. ಊಟದ ಹೊತ್ತು ಮೀರಿತು. ನಾನು ಏಳಿ ಎನ್ನಲಿಲ್ಲ. ಎರಡೂ ಮುಕ್ಕಾಲಿಗೆ, ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದ ಅಕ್ಕ ಮೆಲ್ಲಗೆ ಕಾಲು ಕೆಳಗಿಳಿಸಿದಳು. ಅವ್ವನ ಎದುರು ಅವಳು ಎಂದೂ ಹಾಗೆ ಕೂತವಳಲ್ಲ. ಕಾಕಾ ಅದನ್ನು ನೋಡಿ ಮೌಸಿನಿಂದ ಕೈ ತೆಗೆದರು.

ಕಾಕಾ ತೀರಿಕೊಂಡು ನಾಲ್ಕು ವರ್ಷವಾಯಿತು. ಕೊನೆಯ ಎರಡು ದಿನ ನಾನೇ ಅವರ ಪಕ್ಕದಲ್ಲಿದ್ದೆ. ಅವ್ವನಿಗೆ ಮಾಡಲಾಗದ್ದನ್ನು ಅವರಿಗೆ ಮಾಡಿದೆ. ಅಷ್ಟರಿಂದ ಋಣ ತೀರಿತೆಂದು ನಾನು ತಿಳಿದಿಲ್ಲ. ಈಗಲೂ ಬೆಳಿಗ್ಗೆ ಐದೂವರೆಗೆ ಎದ್ದು ದೀಪ ಹಾಕಿದರೆ ಅವ್ವ ನನ್ನನ್ನು ನೋಡುತ್ತಾಳೆ. ತಡವಾಗಿ ಬಂದದ್ದಕ್ಕೆ ಸಿಟ್ಟಿದೆ, ಆದರೂ ನೋಡುತ್ತಾಳೆ. ನನಗೆ ಅಷ್ಟು ಸಾಕು.

ಆ ಗುರುವಾರ ಸಂಜೆ ಚೌಕಟ್ಟು ಹಾಕಿಸಿ ಕಾಕಾ ತಾವೇ ನನ್ನ ಮನೆಗೆ ತಂದಿದ್ದರು. ಅವರು ಸ್ಟೂಲು ಹತ್ತಿ ಮೊಳೆ ಹೊಡೆದರು. "ಒಂದು ಬಟ್ಟು ಎಡಕ್ಕ" ಎಂದು ನಾನು ಕೆಳಗಿನಿಂದ ಹೇಳಿದೆ, ಸರಿಸಿದರು. ಅಕ್ಕ ತಂದಿಟ್ಟಿದ್ದ ಮಲ್ಲಿಗೆ ಹಾರ ಎತ್ತಿ ಕೊಡಲು ಹೋದಳು. ಕಾಕಾ ಸ್ಟೂಲಿನಿಂದ ಇಳಿದುಬಿಟ್ಟರು.

"ಇವತ್ತ ಬ್ಯಾಡ ಯವ್ವಾ. ಹಾರ ಬಿತ್ತಂದ್ರ ಸತ್ತವರ ಫೋಟೋ ಆಗ್ತದ. ಒಂದಿನ ಹಂಗs ಕೂತು ಮನಿ ನೋಡ್ಲಿ."

ನಾನು ಹಾರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತಟ್ಟೆಯಲ್ಲಿಟ್ಟು ಮುಚ್ಚಿದೆ. ಆಗ ಗಂಟೆ ಆರೂ ಮುಕ್ಕಾಲು.