ಅಪ್ಪ ಹಾಕಿದ ದಿನ

ಶಿವಾರಪಟ್ಟಣದ ನಮ್ಮ ಮನೆಯಲ್ಲಿ ವಿಗ್ರಹವನ್ನು ಯಾರೇ ಕೆತ್ತಲಿ, ಅದು ಹೊರಡುವ ದಿನವನ್ನು ಹೇಳುವವರು ಅಪ್ಪ. ದೇವಸ್ಥಾನದವರು ಬಂದು ಪ್ರತಿಷ್ಠಾಪನೆ ಯಾವತ್ತೆಂದು ತಿಳಿಸಿದರೆ, ಅಪ್ಪ ಬೆರಳು ಮಡಚಿ ಹಿಂದಕ್ಕೆ ಎಣಿಸಿ, 'ಈ ದಿನ ಬಂದು ತಗೊಂಡೋಗಿ' ಅನ್ನುತ್ತಿದ್ದರು. ಮಂಗಳವಾರ ಮಾತ್ರ ವಿಗ್ರಹ ಮನೆ ಬಿಡುವಂತಿರಲಿಲ್ಲ. ಕೆಲಸದ ಚಪ್ಪರದಿಂದ ಅಣ್ಣ 'ಎರಡು ದಿನ ಜಾಸ್ತಿ ಕೊಡಪ್ಪಾ' ಎಂದು ಗೋಗರೆಯುವುದು, ಅಪ್ಪ 'ಆಗಲ್ಲ ಕಣೋ' ಎನ್ನುವುದು, ಇದೇ ನಮ್ಮ ಮನೆಯ ಸುಪ್ರಭಾತವಾಗಿತ್ತು.

ಅಪ್ಪನ ಕಣ್ಣು ಮಂಜಾಗುತ್ತ ಬಂದು, ಬೆಳಕಿದೆಯೋ ಇಲ್ಲವೋ ಎಂಬಷ್ಟೇ ತಿಳಿಯುವ ಹೊತ್ತಿಗೆ ಆರ್ಡರುಗಳು ಮೊಬೈಲಿಗೆ ಬರತೊಡಗಿದ್ದವು. ಕೋಲಾರದ ಒಂದು ಕಚೇರಿಯಲ್ಲಿ ವೆಬ್ ಪುಟದ ಫಾರಂ ಮಾಡುವುದು ನನ್ನ ಕೆಲಸ. ನಮ್ಮ ಚಪ್ಪರಕ್ಕೂ ಒಂದು ಪುಟ ಮಾಡಿಕೊಟ್ಟಿದ್ದೆ. ಗಿರಾಕಿ ತನಗೆ ಬೇಕಾದ್ದನ್ನು ತುಂಬುತ್ತಾನೆ, ವಿಗ್ರಹ ಕೊಡುವ ದಿನವನ್ನು ನಾವು ತುಂಬಬೇಕು. ಅದನ್ನು ಅಣ್ಣನೇ ತುಂಬತೊಡಗಿದ, ಬೇಕಾದಷ್ಟು ದಿನ ತಾನೇ ತೆಗೆದುಕೊಂಡ. ಮನೆಯಲ್ಲಿ ಚೌಕಾಸಿ ನಿಂತುಹೋಯಿತು. ಭಾನುವಾರ ನಾನು ಹೋದಾಗ ಅಪ್ಪ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು.

ದಿನ ಹಾಕುವ ಕೆಲಸ ಅಪ್ಪನಿಗೇ ವಾಪಸ್ಸು ಸಿಗಬೇಕು ಎಂದು ಹಟ ಹಿಡಿದೆ. ಪರದೆಯ ಮೇಲಿರುವುದನ್ನು ಫೋನು ಗಟ್ಟಿಯಾಗಿ ಓದುವಂತೆ ಮಾಡಿ ಅವರ ಕೈಗಿಟ್ಟೆ. ದಿನಾಂಕಕ್ಕೆ ಎಲ್ಲರೂ ಇಡುವ ಕ್ಯಾಲೆಂಡರನ್ನೇ ನಾನೂ ಇಟ್ಟಿದ್ದೆ. ಅಪ್ಪ ಬೆರಳಿಟ್ಟಲ್ಲೆಲ್ಲ ಫೋನು 'ಬಟನ್, ಬಟನ್' ಎಂದಿತು.

'ಏನಮ್ಮಾ, ಅಂಗಿ ಹೊಲೀತಿದೀಯಾ?' ಎಂದು ನಕ್ಕರು.

ಕ್ಯಾಲೆಂಡರ್ ಕಿತ್ತುಹಾಕಿ ದಿನ, ತಿಂಗಳು, ವರ್ಷ ಎಂದು ಹೆಸರು ಹೇಳುವ ಮೂರು ಖಾಲಿ ಜಾಗ ಮಾಡಿದೆ. ಬಾಯಲ್ಲಿ ಹೇಳಿದರೂ ಸಾಕು, ಫೋನೇ ಬರೆದುಕೊಳ್ಳುತ್ತಿತ್ತು. ನಾನು ಕೋಲಾರದಲ್ಲಿದ್ದಾಗ ಮುಳಬಾಗಿಲಿನಿಂದ ಒಂದು ಆರ್ಡರ್ ಬಂತು. ಅಪ್ಪ ತಾವೇ ದಿನ ಹೇಳಿ, 'ಕಳಿಸಿ' ಎಂಬುದನ್ನು ಒತ್ತಿ, ಬೀದಿಯಲ್ಲಿ ಹೋಗುವವರಿಗೆಲ್ಲ ಅದನ್ನೇ ಹೇಳಿಕೊಂಡರಂತೆ. ವಾರವಾದರೂ ಮುಳಬಾಗಿಲಿನವರಿಗೆ ಏನೂ ತಲುಪಲಿಲ್ಲ. ಅವರು ಅಣ್ಣನಿಗೆ ಫೋನು ಮಾಡಿ ರೇಗಿದರು. ನೋಡಿದರೆ, ತಿಂಗಳಿನ ಜಾಗದಲ್ಲಿ ಅಪ್ಪ 'ಮಾಘ' ಎಂದಿದ್ದರು. ಪಂಚಾಂಗ ನೋಡಿಯೇ ದಿನ ಇಟ್ಟವರು, ಇನ್ನೇನು ಹೇಳಿಯಾರು? ಅಂಕಿಯನ್ನಷ್ಟೇ ಒಪ್ಪುವ ಆ ಜಾಗ ಕೆಂಪಾಗಿ, ಬಾಯಿ ಮುಚ್ಚಿಕೊಂಡು ಕೂತಿತ್ತು.

'ಇನ್ಮೇಲೆ ನೀನೇ ನೋಡ್ಕೊ. ನನ್ ಕೈಲಾಗಲ್ಲ' ಎಂದು ಅಪ್ಪ ಫೋನನ್ನು ಅಣ್ಣನಿಗೆ ಕೊಟ್ಟುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು, ಅಪ್ಪನ ಮೇಲಲ್ಲ. ಕಣ್ಣು ಕಾಣದವರಿಗೆ ಬಣ್ಣ ತೋರಿಸಿ ತಪ್ಪು ಎನ್ನುವುದು ಎಂಥ ಮರ್ಯಾದೆ? ಪುಟವನ್ನು ಮತ್ತೆ ಬಿಚ್ಚಿದೆ. ತಪ್ಪಾದರೆ ಏನು ತಪ್ಪಾಯಿತೆಂದು ಬಾಯಿಬಿಟ್ಟು ಹೇಳಬೇಕು, ಸರಿ ಹೇಳಿದ್ದನ್ನು ಅಳಿಸಬಾರದು, ಕಳಿಸುವ ಮುಂಚೆ ಇಡೀ ದಿನಾಂಕವನ್ನು ವಾರದ ಸಮೇತ ಓದಿ ಒಪ್ಪಿಗೆ ಕೇಳಬೇಕು.

ಮುಂದಿನ ಆರ್ಡರ್ ಒಂದು ಭಾನುವಾರವೇ ಬಂತು. ಅಣ್ಣನ ಕೈಯಿಂದ ಫೋನು ಕಿತ್ತುಕೊಂಡು ಅಪ್ಪನ ಮಡಿಲಲ್ಲಿಟ್ಟೆ.

'ಬೇಡ ಬಿಡಮ್ಮಾ.'

'ತಪ್ಪಾದ್ರೆ ಈಗ ಅದೇ ಹೇಳ್ತದೆ. ಒಂದ್ಸಲ ನೋಡಪ್ಪಾ.'

ಉಳಿ ಹಿಡಿದು ಒರಟಾದ ಹೆಬ್ಬೆರಳು ಪರದೆಯ ಮೇಲೆ ಹುಡುಕಾಡಿತು. ಮೊದಲು ದಿನ ಹೇಳಿದರು. ಪರೀಕ್ಷೆ ಮಾಡಲೆಂದೇ ಇರಬೇಕು, ತಿಂಗಳಿಗೆ ಮತ್ತೆ 'ಮಾಘ' ಎಂದರು.

'ತಿಂಗಳನ್ನು ಅಂಕಿಯಲ್ಲಿ ಹೇಳಿ. ಜನವರಿ ಆದರೆ ಒಂದು. ನೀವು ಹೇಳಿದ ದಿನ ಹಾಗೇ ಇದೆ' ಎಂದಿತು ಫೋನು.

'ಪರವಾಗಿಲ್ಲ, ಇದು ಬಯ್ಯಲ್ಲ' ಎಂದು ಅಪ್ಪ ತಲೆಯಾಡಿಸಿ, ತಿಂಗಳಿನ ಅಂಕಿ ಹೇಳಿದರು, ವರ್ಷವನ್ನೂ ಹೇಳಿದರು. ಫೋನು ದಿನಾಂಕವನ್ನು ಓದಿ, ಕೊನೆಗೆ 'ಮಂಗಳವಾರ' ಎಂದಿತು. ಅಪ್ಪನ ಬೆನ್ನು ನೆಟ್ಟಗಾಯಿತು. ಯಾರನ್ನೂ ಕೇಳದೆ ದಿನದ ಜಾಗಕ್ಕೆ ಹಿಂದಿರುಗಿ ಒಂದು ದಿನ ಕಡಿಮೆ ಮಾಡಿದರು. 'ಸೋಮವಾರ' ಎಂದಿತು. ಒತ್ತಿದರು. 'ಕಳಿಸಲಾಗಿದೆ' ಎಂದಿತು.

ಚಪ್ಪರದಲ್ಲಿ ಉಳಿಯ ಸದ್ದು ನಿಂತಿತು.

'ಅಪ್ಪಾ, ಬುಧವಾರ ಮಾಡು. ಎರಡು ದಿನ ಸಿಗ್ತದೆ' ಎಂದು ಅಣ್ಣ ಕೂಗಿದ.

ನನಗೆ ಅಳು ಬಂತು. ಎಷ್ಟು ಕಾಲವಾಗಿತ್ತು ಅವನು ಹಾಗೆ ಕೇಳಿ!

'ಆಗಲ್ಲ ಕಣೋ' ಎಂದರು ಅಪ್ಪ. 'ದಿನ ಹಾಕಾಯ್ತು.'